ರಿಮೋಟ್ ಬಿಲ್ಡ್ ಕ್ಯಾಶ್ ಸರ್ವರ್

ತಂಡದ ಒಬ್ಬರ ಯಂತ್ರದಲ್ಲಿ ಒಮ್ಮೆ ನಡೆದ ಕಂಪೈಲ್, ಲಿಂಕ್ ಅಥವಾ ಟೆಸ್ಟ್ ಕೆಲಸದ ಫಲವನ್ನು ಎಲ್ಲರ ಕೈಗೆಟುಕುವ ಕಡೆ ಇಟ್ಟುಕೊಂಡು, ಅದೇ ಕೆಲಸ ಬೇರೆಯವರಿಗೆ ಎದುರಾದಾಗ ಕಂಪೈಲರನ್ನು ಓಡಿಸದೆ ಆ ಫಲವನ್ನೇ ಕೊಡುವ ಸರ್ವರ್. ಕಂಪನಿಯೋ ತಂಡವೋ ಇದನ್ನು ತಾನೇ ನಡೆಸಿ, ಹಿಂದೆ ದಾಸ್ತಾನಿಗೆ ಅಮೆಜಾನ್ ಎಸ್3, ಗೂಗಲ್ ಕ್ಲೌಡ್ ಸ್ಟೋರೇಜ್ ಅಥವಾ ಅಜೂರ್ ಬ್ಲಾಬ್‌ನಂಥ ಮೋಡದ ಉಗ್ರಾಣವನ್ನು ಇಟ್ಟುಕೊಳ್ಳುವ ಪದ್ಧತಿ ಈ ಲೇಖನದ ವಿಷಯ. ಕ್ಯಾಶ್ ಎಂಬ ಪದದ ಫ್ರೆಂಚ್ ಮೂಲದ ಅರ್ಥ ಬಚ್ಚಿಡುವುದು. ಕನ್ನಡ ಲಿಪಿಗೆ ಬಂದಾಗ ಇದಕ್ಕೂ ನಗದು ಎಂಬರ್ಥದ ಇಂಗ್ಲಿಷ್ ಕ್ಯಾಶಿಗೂ ಕಾಗುಣಿತದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. ತಿಂಗಳ ಕೊನೆಗೆ ಮೋಡದ ಬಿಲ್ಲು ನೋಡುವವರಿಗೆ ಆ ಗೊಂದಲ ಅಷ್ಟೇನೂ ತಪ್ಪೆನಿಸುವುದಿಲ್ಲ.

ಹಿನ್ನೆಲೆ

ಮಾಡಿದ್ದನ್ನೇ ಮಾಡಬಾರದು ಎಂಬ ಹಟ ಬಿಲ್ಡ್ ಸಾಧನಗಳಿಗೆ ಹುಟ್ಟಿನಿಂದಲೇ ಇದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್, ಫೈಲುಗಳ ಗಡಿಯಾರ ನೋಡುತ್ತಿತ್ತು: ಮೂಲ ಫೈಲು ಫಲಕ್ಕಿಂತ ಹೊಸದಾಗಿದ್ದರೆ ಮತ್ತೆ ಕಂಪೈಲ್, ಇಲ್ಲದಿದ್ದರೆ ಬಿಡು. ಒಂದೇ ಯಂತ್ರದಲ್ಲಿ ಇದು ಸಾಕು. ಇಬ್ಬರ ನಡುವೆ ಹಂಚಿಕೊಳ್ಳಲು ಹೊರಟರೆ ಗಡಿಯಾರ ಕೈಕೊಡುತ್ತದೆ, ಏಕೆಂದರೆ ನನ್ನ ಯಂತ್ರದ ಫೈಲಿನ ವೇಳೆಗೂ ನಿಮ್ಮ ಯಂತ್ರದ ಫೈಲಿನ ವೇಳೆಗೂ ಯಾವ ನಂಟೂ ಇಲ್ಲ. 1992ರಲ್ಲಿ ಏಟ್ರಿಯಾ ಸಾಫ್ಟ್‌ವೇರ್ ತಂದ ಕ್ಲಿಯರ್‌ಕೇಸ್ ಬೇರೆ ದಾರಿ ಹಿಡಿಯಿತು. ಯಾವ ಫೈಲಿನ ಯಾವ ಆವೃತ್ತಿಗಳಿಂದ ಈ ಫಲ ಹುಟ್ಟಿತು ಎಂದು ದಾಖಲೆ ಇಟ್ಟು, ಅದೇ ಆವೃತ್ತಿಗಳನ್ನು ಬಳಸುವ ಸಹೋದ್ಯೋಗಿಗೆ ಫಲವನ್ನು ಹಾಗೇ ದಾಟಿಸುತ್ತಿತ್ತು. ಈ ದಾಟಿಸುವಿಕೆಗೆ ಅಲ್ಲಿ ‘ವಿಂಕ್ ಇನ್’ ಎಂದು ಹೆಸರು. ಸಾಂಬಾ ಖ್ಯಾತಿಯ ಆಂಡ್ರ್ಯೂ ಟ್ರಿಜೆಲ್ 2002ರಲ್ಲಿ ಬರೆದ ಸಿಕ್ಯಾಶ್, ಸಿ ಮತ್ತು ಸಿ++ ಕಂಪೈಲರುಗಳ ಮುಂದೆ ಕುಳಿತು ಮೂಲದ ಹ್ಯಾಶ್, ಅಂದರೆ ಒಳಗಿನ ವಸ್ತುವಿನಿಂದ ಲೆಕ್ಕಹಾಕಿದ ಬೆರಳಚ್ಚು, ತೆಗೆದು, ಹಳೆಯ ಫಲ ಸಿಕ್ಕರೆ ಅದನ್ನೇ ಕೊಡತೊಡಗಿತು.

ಮೋಡದ ಉಗ್ರಾಣವನ್ನು ಇದಕ್ಕೆ ಜೋಡಿಸಿದ್ದರಲ್ಲಿ ಮೊಜಿಲ್ಲಾ ಮೊದಲಿಗರ ಸಾಲಿನದು. ಫೈರ್‌ಫಾಕ್ಸ್ ಬಿಲ್ಡ್‌ಗಳಿಗಾಗಿ ರೂಪಿಸಿದ ಎಸ್‌ಸಿಕ್ಯಾಶ್ ಫಲಗಳನ್ನು ನೇರ ಎಸ್3ಗೆ ಬರೆಯುತ್ತಿತ್ತು. ಗೂಗಲ್ ತನ್ನೊಳಗಿನ ಬ್ಲೇಜ್ ಸಾಧನವನ್ನು 2015ರಲ್ಲಿ ಬೇಜಲ್ ಎಂಬ ಹೆಸರಿನಲ್ಲಿ ಹೊರಗೆ ಬಿಟ್ಟ ಮೇಲೆ ಹಂಚಿದ ಕ್ಯಾಶ್ ಎಂಬುದು ಸಾಮಾನ್ಯ ತಂಡಗಳ ಮಾತಾಯಿತು. ಗ್ರೇಡಲ್‌ಗೆ ಬಿಲ್ಡ್ ಕ್ಯಾಶ್ ಬಂದದ್ದು 2017ರ 3.5ನೇ ಆವೃತ್ತಿಯಲ್ಲಿ. ಜಾವಾಸ್ಕ್ರಿಪ್ಟ್ ಲೋಕದಲ್ಲಿ ಟರ್ಬೊರೆಪೊ ಮತ್ತು ಎನ್‌ಎಕ್ಸ್ ಇದೇ ಕೆಲಸ ಮಾಡುತ್ತವೆ. ಟರ್ಬೊರೆಪೊವನ್ನು 2021ರ ಡಿಸೆಂಬರಿನಲ್ಲಿ ವರ್ಸೆಲ್ ಕೊಂಡಿತು. ಅದರ ಕ್ಯಾಶನ್ನು ಸ್ವಂತ ಸರ್ವರಿನಲ್ಲಿ ನಡೆಸಲು ಬೇಕಾದ ಮುಕ್ತ ತಂತ್ರಾಂಶವನ್ನು ಬಳಕೆದಾರರೇ ಬರೆದುಕೊಂಡಿದ್ದಾರೆ. ಹೆಸರು ಬೇರೆ, ಭಾಷೆ ಬೇರೆ, ಒಳಗಿನ ತರ್ಕ ಒಂದೇ. ಇಲ್ಲಿ ಆ ತರ್ಕವನ್ನು ಬೇಜಲ್ ಮತ್ತು ಅದರ ಜೊತೆಗೆ ಹೆಚ್ಚಾಗಿ ಬಳಕೆಯಲ್ಲಿರುವ ಬೇಜಲ್-ರಿಮೋಟ್ ಎಂಬ ಮುಕ್ತ ಸರ್ವರಿನ ಮೂಲಕ ನೋಡಲಾಗಿದೆ.

ಎರಡು ಕಪಾಟು

ಬೇಜಲ್ ಕ್ಯಾಶಿನಲ್ಲಿ ಎರಡು ಕಪಾಟುಗಳಿವೆ. ಒಂದರಲ್ಲಿ ಫೈಲುಗಳು, ಇನ್ನೊಂದರಲ್ಲಿ ಚೀಟಿಗಳು. ಫೈಲಿನ ಕಪಾಟಿಗೆ ಸಿಎಎಸ್ ಎಂದು ಕರೆಯುತ್ತಾರೆ. ಅಲ್ಲಿ ಪ್ರತಿ ಫೈಲಿನ ಹೆಸರು ಅದರ ಒಳಗಿನ ವಸ್ತುವಿನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ 64 ಅಕ್ಷರಾಂಕೆಗಳ ಸಾಲು. ಏನೂ ಇಲ್ಲದ ಖಾಲಿ ಫೈಲಿಗೂ ಒಂದು ಹ್ಯಾಶ್ ಇದೆ. ಅದು ‘ಇ3ಬಿ0ಸಿ442’ ಎಂದು ಶುರುವಾಗುತ್ತದೆ. ಲಾಗ್ ಓದಿ ಓದಿ ಪಳಗಿದವರು ಅದನ್ನು ಮನೆಯ ಫೋನ್ ನಂಬರಿನಂತೆ ಗುರುತು ಹಿಡಿಯುತ್ತಾರೆ, ಎಲ್ಲೋ ಫಲ ಖಾಲಿ ಬಂದಿದೆ ಎಂದು ಆ ಕ್ಷಣವೇ ತಿಳಿಯುತ್ತಾರೆ.

ಚೀಟಿಯ ಕಪಾಟು ಎಸಿ, ಆ್ಯಕ್ಷನ್ ಕ್ಯಾಶ್. ಒಂದು ಕೆಲಸಕ್ಕೆ ಬೇಕಾದುದೆಲ್ಲವನ್ನೂ, ಅಂದರೆ ಕೊಟ್ಟ ಕಮಾಂಡ್, ಒಳಹೋದ ಪ್ರತಿ ಫೈಲಿನ ಹ್ಯಾಶ್, ಪರಿಸರದ ವೇರಿಯಬಲ್‌ಗಳು, ಇವನ್ನೆಲ್ಲ ಒಟ್ಟುಗೂಡಿಸಿ ಮತ್ತೊಂದು ಹ್ಯಾಶ್ ತೆಗೆಯುತ್ತಾರೆ. ಅದೇ ಚೀಟಿಯ ಹೆಸರು. ಚೀಟಿಯೊಳಗೆ ‘ಈ ಕೆಲಸ ಹಿಂದೊಮ್ಮೆ ಯಶಸ್ವಿಯಾಗಿದೆ, ಇದರ ಫಲಗಳು ಇಂಥಿಂಥ ಹ್ಯಾಶಿನವು’ ಎಂದು ಬರೆದಿರುತ್ತದೆ. ಬೇಜಲ್ ಮೊದಲು ಚೀಟಿ ಕೇಳುತ್ತದೆ. ಸಿಕ್ಕರೆ ಅದರಲ್ಲಿ ಹೇಳಿದ ಫೈಲುಗಳನ್ನು ತರುತ್ತದೆ, ಇದು ಹಿಟ್. ಸಿಗದಿದ್ದರೆ ತಾನೇ ಕಂಪೈಲ್ ಮಾಡಿ, ಫಲವನ್ನೂ ಹೊಸ ಚೀಟಿಯನ್ನೂ ಕಪಾಟಿಗೆ ಸೇರಿಸುತ್ತದೆ, ಇದು ಮಿಸ್. ಎಚ್‌ಟಿಟಿಪಿ ಬಳಸಿದರೆ ಇಡೀ ಮಾತುಕತೆ ಗೆಟ್ ಮತ್ತು ಪುಟ್‌ಗಳಲ್ಲಿ ಮುಗಿಯುತ್ತದೆ, ಇಲ್ಲದ್ದಕ್ಕೆ 404 ಉತ್ತರ. ವೆಬ್‌ಡ್ಯಾವ್ ಜೋಡಿಸಿದ ಎಂಜಿನ್‌ಎಕ್ಸ್ ಕೂಡ ಹೇಗೋ ಈ ಕೆಲಸ ನಿಭಾಯಿಸುತ್ತದೆ.

ಸಣ್ಣ ಉದಾಹರಣೆ. ಬೆಳಿಗ್ಗೆ ಒಬ್ಬರು ಒಂದು ಹೆಡರ್ ಫೈಲಿನಲ್ಲಿದ್ದ ಟಿಪ್ಪಣಿಯ ಕಾಗುಣಿತ ತಿದ್ದುತ್ತಾರೆ. ಹೆಡರಿನ ಹ್ಯಾಶ್ ಬದಲಾಯಿತು. ಅದನ್ನು ಸೇರಿಸಿಕೊಂಡ ಮುನ್ನೂರು ಫೈಲುಗಳ ಚೀಟಿಯ ಹೆಸರೂ ಬದಲಾಯಿತು. ಮುನ್ನೂರೂ ಮಿಸ್, ಮುನ್ನೂರೂ ಮತ್ತೆ ಕಂಪೈಲ್. ಆದರೆ ಟಿಪ್ಪಣಿ ಬದಲಾದರೆ ಯಂತ್ರದ ಸಂಕೇತ ಬದಲಾಗುವುದಿಲ್ಲ. ಡೀಬಗ್ ಮಾಹಿತಿಯಲ್ಲಿ ಸಾಲಿನ ಸಂಖ್ಯೆಗಳು ಅಲ್ಲಾಡದಿದ್ದರೆ, ಹೊರಬಂದ ಮುನ್ನೂರು ಆಬ್ಜೆಕ್ಟ್ ಫೈಲುಗಳೂ ಹಳೆಯವುಗಳ ತದ್ರೂಪ. ಆದ್ದರಿಂದ ಮುಂದಿನ ಲಿಂಕ್ ಕೆಲಸದ ಚೀಟಿ ಹಳೆಯದೇ, ಅದು ಹಿಟ್. ಲಿಂಕಿನ ನಂತರದ ಟೆಸ್ಟುಗಳೂ ಓಡುವುದಿಲ್ಲ. ಮಧ್ಯಾಹ್ನ ಅದೇ ತಿದ್ದುಪಡಿಯನ್ನು ಎಳೆದುಕೊಂಡ ಸಹೋದ್ಯೋಗಿಗಂತೂ ಆ ಮುನ್ನೂರೂ ಹಿಟ್. ಗಡಿಯಾರ ನೋಡುವ ಮೇಕ್‌ಗೆ ಇದಾವುದೂ ಸಾಧ್ಯವಿರಲಿಲ್ಲ.

ಬಕೆಟ್ಟಿನ ಮುಂದೊಂದು ಸರ್ವರ್ ಏಕೆ

ಬೇಜಲ್ ಗೂಗಲ್ ಕ್ಲೌಡ್ ಸ್ಟೋರೇಜಿನ ಬಕೆಟ್ಟಿಗೆ, ಅಂದರೆ ಆ ಉಗ್ರಾಣದಲ್ಲಿ ತಂಡ ತನಗೆಂದು ತೆರೆದ ಕೋಣೆಗೆ, ನೇರವಾಗಿ ಬರೆಯಬಲ್ಲದು. ಎಸ್‌ಸಿಕ್ಯಾಶ್‌ಗೆ ಎಸ್3 ನೇರ ಸಿಗುತ್ತದೆ. ಹಾಗಿದ್ದ ಮೇಲೆ ನಡುವೆ ಒಂದು ಸರ್ವರ್ ನಡೆಸುವ ಗೋಳು ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಣ್ಣ ತಂಡಕ್ಕೆ ಬಕೆಟ್ಟೊಂದೇ ಸಾಕು ಎಂದೇ ಹೇಳಬೇಕು. ತಂಡ ಬೆಳೆದಂತೆ ಉತ್ತರ ಬದಲಾಗುತ್ತದೆ.

ಮೊದಲ ಕಾರಣ ದೂರ. ಬಿಲ್ಡ್ ಕ್ಯಾಶಿನಲ್ಲಿ ಓಡಾಡುವುದು ಹೆಚ್ಚಾಗಿ ಕೆಲವೇ ಕಿಲೊಬೈಟಿನ ವಸ್ತುಗಳು, ಆದರೆ ಲೆಕ್ಕವಿಲ್ಲದಷ್ಟು. ಬೆಂಗಳೂರಿನ ಕಚೇರಿಯಿಂದ ಅಮೆರಿಕದ ಪೂರ್ವ ಕರಾವಳಿಯ ವರ್ಜೀನಿಯಾದಲ್ಲಿರುವ ಬಕೆಟ್ಟಿಗೆ ಒಂದು ಪ್ಯಾಕೆಟ್ ಹೋಗಿ ಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. 220 ಎಂದಿಟ್ಟುಕೊಳ್ಳಿ. 20,000 ಕೆಲಸಗಳ ಬಿಲ್ಡ್‌ನಲ್ಲಿ ಒಂದೊಂದಕ್ಕೆ ಒಂದೊಂದು ಚೀಟಿ ಕೇಳಿದರೂ, ಒಂದರ ಹಿಂದೊಂದಾದರೆ 73 ನಿಮಿಷ. ಒಟ್ಟಿಗೆ ನೂರು ಕೇಳಿದರೆ 44 ಸೆಕೆಂಡು. ಅದು ಚೀಟಿಗೆ ಮಾತ್ರ, ಫೈಲು ತರುವ ಕಾಲ ಬೇರೆ. ಮೇಲಾಗಿ ಬಿಲ್ಡ್‌ನ ಕೆಲಸಗಳೆಲ್ಲ ಒಟ್ಟಿಗೆ ಕೇಳುವಂಥವಲ್ಲ. ಒಂದು ಮುಗಿದ ಮೇಲೇ ಇನ್ನೊಂದು. ಈ ಸರಪಳಿ ಉದ್ದವಿದ್ದಷ್ಟೂ ದೂರ ಚುಚ್ಚುತ್ತದೆ. ತೀರ ಚಿಕ್ಕ ಫೈಲಿನ ಫಲವನ್ನು ವರ್ಜೀನಿಯಾದಿಂದ ತರಿಸುವುದಕ್ಕಿಂತ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡುವುದೇ ಬೇಗ. ಕ್ಯಾಶ್ ಹಾಕಿದ ಮೇಲೆ ಬಿಲ್ಡ್ ನಿಧಾನವಾಯಿತು ಎಂಬ ದೂರು ಕೇಳಿಬಂದರೆ ನಂಬಬೇಕು, ನಕ್ಕು ಬಿಡಬಾರದು. ಅಮೆಜಾನಿನ ಮುಂಬೈ ಕೇಂದ್ರ 2016ರಲ್ಲಿ, ಹೈದರಾಬಾದಿನದು 2022ರಲ್ಲಿ ತೆರೆದ ಮೇಲೆ ಇಲ್ಲಿನ ತಂಡಗಳಿಗೆ ಹತ್ತಿರದ ಬಕೆಟ್ ಸಿಕ್ಕಿದೆ. ಆದರೂ ಕಚೇರಿಯಲ್ಲೇ ಒಂದು ಯಂತ್ರದಲ್ಲಿ ಎಸ್‌ಎಸ್‌ಡಿ ಹಾಕಿ ಸರ್ವರ್ ಕೂರಿಸಿದರೆ ಸಿಗುವ ವೇಗಕ್ಕೆ ಸಾಟಿಯಿಲ್ಲ.

ಬೇಜಲ್-ರಿಮೋಟ್ ಹೀಗೆಯೇ ಕೆಲಸ ಮಾಡುತ್ತದೆ. ಗೋ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಮು. ಡಾಕರ್ ಕಂಟೇನರಿನಲ್ಲಿ ಓಡಿಸಿ ಒಂದು ಡೈರೆಕ್ಟರಿ ಮತ್ತು ಗರಿಷ್ಠ ಗಾತ್ರ ಹೇಳಿದರೆ ಸಾಕು, 8080ರಲ್ಲಿ ಎಚ್‌ಟಿಟಿಪಿ, 9092ರಲ್ಲಿ ಜಿಆರ್‌ಪಿಸಿ ಬಾಗಿಲು ತೆರೆಯುತ್ತದೆ. ಮುಂದಿನ ಸಾಲಿನಲ್ಲಿ ತನ್ನ ಡಿಸ್ಕ್, ಹಿಂದಿನ ಸಾಲಿನಲ್ಲಿ ಬಕೆಟ್. ಕೇಳಿದ್ದು ಡಿಸ್ಕಿನಲ್ಲಿದ್ದರೆ ಅಲ್ಲಿಂದಲೇ ಕೊಡುತ್ತದೆ. ಇಲ್ಲದಿದ್ದರೆ ಬಕೆಟ್ಟಿನಿಂದ ತಂದು, ಡಿಸ್ಕಿನಲ್ಲೂ ಒಂದು ಪ್ರತಿ ಇಟ್ಟುಕೊಂಡು ಕೊಡುತ್ತದೆ. ಹೊಸ ಫಲ ಬಂದಾಗ ಮೊದಲು ಡಿಸ್ಕಿಗೆ ಬರೆದು, ಬಕೆಟ್ಟಿಗೆ ಏರಿಸುವುದನ್ನು ಸರದಿಗೆ ಹಾಕುತ್ತದೆ. ಸರದಿ ತುಂಬಿದ್ದರೆ ಏರಿಸುವುದನ್ನು ಕೈಬಿಡುತ್ತದೆ, ಬಳಕೆದಾರರನ್ನು ಕಾಯಿಸುವುದಿಲ್ಲ. ಬ್ಯಾಂಕಿನ ತಂತ್ರಾಂಶ ಹೀಗೆ ಮಾಡಿದರೆ ಅಪರಾಧ. ಕ್ಯಾಶಿನಲ್ಲಿ ಇದೇ ಸರಿಯಾದ ನಡತೆ, ಏಕೆಂದರೆ ಕಳೆದುಹೋದದ್ದನ್ನು ಯಾರಾದರೂ ಮತ್ತೆ ಕಂಪೈಲ್ ಮಾಡಿಕೊಳ್ಳಬಹುದು.

ಇಲ್ಲೊಂದು ವಿಪರ್ಯಾಸ ಕಾಣುತ್ತದೆ. ಎಸ್3 ತನ್ನ ವಸ್ತುಗಳು ಅಳಿಯದಂತೆ ಶೇಕಡ 99.999999999 ಭರವಸೆಯ ವಿನ್ಯಾಸ ಹೊಂದಿದೆ. ಇಟ್ಟದ್ದು ನಾಳೆ ಕಳೆದರೂ ಯಾರೂ ಅಳದ ವಸ್ತುಗಳನ್ನು ನಾವು ಆ ಭದ್ರಕೋಟೆಯಲ್ಲಿಡುತ್ತೇವೆ. 2020ರ ಡಿಸೆಂಬರಿನವರೆಗೆ ಎಸ್3ಯಲ್ಲಿ ಇದೀಗ ಇಟ್ಟ ವಸ್ತು ಕೆಲವೊಮ್ಮೆ ತಕ್ಷಣ ಕಾಣದೆ ಹೋಗಬಹುದಿತ್ತು. ಎಷ್ಟೋ ತಂತ್ರಾಂಶಗಳಿಗೆ ಅದು ತಲೆನೋವು, ಬಿಲ್ಡ್ ಕ್ಯಾಶಿಗೆ ಮಾತ್ರ ಒಂದು ಹೆಚ್ಚಿನ ಮಿಸ್, ಅಷ್ಟೇ. ಹಾಗಾದರೆ ಮೋಡ ಬೇಕಿರುವುದು ಯಾಕೆ? ಬಾಳಿಕೆಗಲ್ಲ, ವಿಸ್ತಾರಕ್ಕೆ. ಸರ್ವರಿನ ಡಿಸ್ಕ್ ಸುಟ್ಟರೂ ಹೊಸ ಯಂತ್ರ ಎಬ್ಬಿಸಿದ ಮರುಗಳಿಗೆಯಿಂದ ಬಕೆಟ್ಟಿನ ಬೆಚ್ಚಗಿನ ದಾಸ್ತಾನು ಸಿಗುತ್ತದೆ. ಎರಡು ಊರಿನ ಎರಡು ಸರ್ವರುಗಳು ಒಂದೇ ಬಕೆಟ್ ಹಂಚಿಕೊಳ್ಳಬಹುದು.

ಖರ್ಚು

ಹೊಸಬರು ಹೆದರುವುದು ಜಾಗದ ಬಾಡಿಗೆಗೆ. ಪೆಟ್ಟು ಬೀಳುವುದು ಬೇರೆ ಕಡೆ. ಅಮೆರಿಕದ ಪೂರ್ವ ಕೇಂದ್ರದಲ್ಲಿ ಎಸ್3ಯ ಸಾಮಾನ್ಯ ದರ್ಜೆಗೆ ಪ್ರಕಟಿತ ದರ ತಿಂಗಳಿಗೆ ಗಿಗಾಬೈಟಿಗೆ 0.023 ಡಾಲರ್. 500 ಗಿಗಾಬೈಟ್ ಇಟ್ಟರೆ ಹನ್ನೊಂದೂವರೆ ಡಾಲರ್, ತಂಡದ ಒಂದು ಊಟಕ್ಕೂ ಸಾಲದು. ಹತ್ತು ಲಕ್ಷ ಗೆಟ್‌ಗೆ 40 ಸೆಂಟ್, ಹತ್ತು ಲಕ್ಷ ಪುಟ್‌ಗೆ 5 ಡಾಲರ್. ಆದರೆ ಅಂತರಜಾಲಕ್ಕೆ ಹೊರಹೋಗುವ ಪ್ರತಿ ಗಿಗಾಬೈಟಿಗೆ 9 ಸೆಂಟ್. 40 ಜನ ದಿನಕ್ಕೆ ತಲಾ 5 ಗಿಗಾಬೈಟ್ ಇಳಿಸಿಕೊಂಡರೆ, 22 ಕೆಲಸದ ದಿನಗಳಿಗೆ 4,400 ಗಿಗಾಬೈಟ್. ತಿಂಗಳ ಮೊದಲ 100 ಉಚಿತ, ಉಳಿದದ್ದಕ್ಕೆ 387 ಡಾಲರ್. ಇಟ್ಟದ್ದಕ್ಕಿಂತ ಎತ್ತಿದ್ದಕ್ಕೆ ಮೂವತ್ತು ಪಟ್ಟು ಹೆಚ್ಚು. ಕಚೇರಿಯ ಡಿಸ್ಕಿನ ಮೊದಲ ಸಾಲು ವೇಗಕ್ಕೆ ಮಾತ್ರವಲ್ಲ, ಈ ಸೋರಿಕೆ ತಡೆಯಲಿಕ್ಕೂ ಬೇಕು. ಹೊರಹೋಗುವುದಕ್ಕೆ ದರವೇ ಹಾಕದ ಕ್ಲೌಡ್‌ಫ್ಲೇರ್ ಆರ್2ನಂಥ ಉಗ್ರಾಣಗಳತ್ತ ತಂಡಗಳು ವಾಲುವುದಕ್ಕೂ ಇದೇ ಕಾರಣ.

ಪ್ರತಿ ಬದಲಾವಣೆಗೂ ತಾವಾಗಿ ಬಿಲ್ಡ್ ನಡೆಸುವ ಸಿಐ ಯಂತ್ರಗಳು ಬಕೆಟ್ ಇರುವ ಕೇಂದ್ರದಲ್ಲೇ ಇದ್ದರೆ ಎಸ್3ಯಿಂದ ಅವಕ್ಕೆ ಸಾಗಣೆ ಉಚಿತ. ಹಾಗೆಂದು ನಿಶ್ಚಿಂತೆಯಿಂದಿದ್ದವರನ್ನು ಕೆಡವುವುದು ನ್ಯಾಟ್ ಗೇಟ್‌ವೇ. ಖಾಸಗಿ ಜಾಲದೊಳಗಿನ ಯಂತ್ರ ಎಸ್3ಗೆ ಅದರ ಮೂಲಕ ಹೋದರೆ ಪ್ರತಿ ಗಿಗಾಬೈಟಿಗೆ 4.5 ಸೆಂಟ್ ಸಂಸ್ಕರಣಾ ಶುಲ್ಕ ಬೀಳುತ್ತದೆ. ಎಸ್3ಗೆಂದೇ ಇರುವ ಗೇಟ್‌ವೇ ಎಂಡ್‌ಪಾಯಿಂಟ್ ಜೋಡಿಸಿದರೆ ಆ ಶುಲ್ಕ ಸೊನ್ನೆ. ಜೋಡಿಸಲು ನಾಲ್ಕು ಸಾಲಿನ ಬದಲಾವಣೆ ಸಾಕು, ಆದರೆ ಅದು ನೆನಪಾಗುವುದು ಸಾಮಾನ್ಯವಾಗಿ ಮೊದಲ ಬಿಲ್ಲು ಬಂದ ಮೇಲೆ. ಕಡಿಮೆ ಬಳಕೆಯ ಅಗ್ಗದ ದರ್ಜೆಗೆ ಹಳೆಯ ವಸ್ತುಗಳನ್ನು ಸಾಗಿಸೋಣ ಎಂಬ ಉಳಿತಾಯದ ಯೋಚನೆಯೂ ಇಲ್ಲಿ ತಿರುಗುಬಾಣ: ಆ ದರ್ಜೆಯಲ್ಲಿ 128 ಕಿಲೊಬೈಟಿಗಿಂತ ಚಿಕ್ಕದಕ್ಕೂ 128ರ ಲೆಕ್ಕ, ಮತ್ತು 30 ದಿನದ ಕನಿಷ್ಠ ಬಾಡಿಗೆ.

ಎಸೆಯುವುದು

ಬೇಜಲ್-ರಿಮೋಟ್ ತನ್ನ ಡಿಸ್ಕನ್ನು ತಾನೇ ನೋಡಿಕೊಳ್ಳುತ್ತದೆ. ಗರಿಷ್ಠ ಗಾತ್ರ ಮುಟ್ಟಿದಾಗ ಬಹಳ ದಿನದಿಂದ ಯಾರೂ ಕೇಳದ ವಸ್ತುವನ್ನು ಮೊದಲು ಹೊರಹಾಕುತ್ತದೆ. ಬಕೆಟ್ಟಿನತ್ತ ಮಾತ್ರ ತಿರುಗಿ ನೋಡುವುದಿಲ್ಲ. ಅಲ್ಲಿಗೆ ಹಾಕುತ್ತದೆ, ತೆಗೆಯುವುದಿಲ್ಲ. ಬಕೆಟ್ ಗುಡಿಸುವ ಕೆಲಸ ಉಗ್ರಾಣದ ಲೈಫ್‌ಸೈಕಲ್ ನಿಯಮದ್ದು: ಇಷ್ಟು ದಿನ ಹಳೆಯದಾದರೆ ಅಳಿಸು. ಎಸ್3ಯ ಈ ನಿಯಮ ಎಣಿಸುವುದು ವಸ್ತು ಹುಟ್ಟಿದ ದಿನದಿಂದ, ಕೊನೆಯ ಬಾರಿ ಓದಿದ ದಿನದಿಂದಲ್ಲ. ಆದ್ದರಿಂದ 30 ದಿನದ ನಿಯಮ ಹಾಕಿದರೆ, ದಿನಕ್ಕೆ ನೂರು ಜನ ಕೇಳುವ ತಳಪಾಯದ ಲೈಬ್ರರಿಯೂ 31ನೇ ದಿನ ಹೋಗುತ್ತದೆ, ಒಬ್ಬರೂ ಮುಟ್ಟದ ಕಸದ ಜೊತೆಗೇ.

ಇದಕ್ಕಿಂತ ನಾಜೂಕಾದ ತೊಡಕು ಚೀಟಿಗೂ ಫೈಲಿಗೂ ನಡುವಿನದು. ಚೀಟಿ ಉಳಿದು, ಅದು ಹೇಳುವ ಫೈಲು ಅಳಿದಿದ್ದರೆ? ಬೇಜಲ್-ರಿಮೋಟ್ ಚೀಟಿ ಕೊಡುವ ಮುನ್ನ ಅದರ ಫೈಲುಗಳೆಲ್ಲ ಇವೆಯೇ ಎಂದು ನೋಡಿ, ಒಂದಿಲ್ಲದಿದ್ದರೂ ‘ಇಲ್ಲ’ ಎನ್ನುತ್ತದೆ. ಬರಿಯ ಬಕೆಟ್ಟಿಗೆ ಈ ವಿವೇಕ ಇರುವುದಿಲ್ಲ. ನಡುವೆ ಸರ್ವರ್ ಇರಬೇಕೆನ್ನಲು ಇದು ಎಲ್ಲಕ್ಕಿಂತ ಗಟ್ಟಿ ಕಾರಣ. 2023ರ ಡಿಸೆಂಬರಿನ ಬೇಜಲ್ 7ರಿಂದ ವಿಷಯ ಇನ್ನಷ್ಟು ಸೂಕ್ಷ್ಮವಾಗಿದೆ. ಆ ಆವೃತ್ತಿಯಿಂದ ಬೇಜಲ್ ನಡುವಿನ ಫಲಗಳನ್ನು ಇಳಿಸಿಕೊಳ್ಳದೆ, ಚೀಟಿಯನ್ನಷ್ಟೇ ನಂಬಿ ಮುಂದೆ ಹೋಗಿ, ಕೊನೆಯ ಫಲವನ್ನು ಮಾತ್ರ ತರುವುದು ರೂಢಿಯಾಯಿತು. ಸಾಗಣೆ ಬಹಳ ಇಳಿಯಿತು. ಆದರೆ ಬೆಳಿಗ್ಗೆ ‘ಇದೆ’ ಎಂದು ಕೇಳಿಸಿಕೊಂಡ ಫೈಲು ಸಂಜೆ ಬೇಕಾದಾಗ ಅಳಿದುಹೋಗಿದ್ದರೆ ಬಿಲ್ಡ್ 39ನೇ ನಂಬರಿನ ದೋಷ ಹೇಳಿ ನಿಲ್ಲಬಹುದು. ಡಿಸ್ಕಿಗೆ ಕೊಟ್ಟ ಗರಿಷ್ಠ ಗಾತ್ರ ಒಂದು ದಿನದ ವಹಿವಾಟಿಗಿಂತ ಚಿಕ್ಕದಿದ್ದು, ಬೆನ್ನಿಗೆ ಬಕೆಟ್ಟೂ ಇಲ್ಲದಿದ್ದರೆ ಇದು ಆಗಾಗ ಕಾಣುತ್ತದೆ.

ಗುಡಿಸುವಾಗ ಮರೆಯುವ ಮೂಲೆಗಳು ಎರಡು. ಬಕೆಟ್ಟಿನಲ್ಲಿ ವರ್ಷನಿಂಗ್ ಚಾಲೂ ಇದ್ದರೆ ಅಳಿಸಿದ್ದೂ ಹಳೆಯ ಆವೃತ್ತಿಯಾಗಿ ಉಳಿದು ಬಾಡಿಗೆ ತಿನ್ನುತ್ತದೆ. ದೊಡ್ಡ ಫೈಲುಗಳನ್ನು ತುಂಡು ತುಂಡಾಗಿ ಏರಿಸುವಾಗ ನಡುವೆ ಕಡಿದುಹೋದ ತುಂಡುಗಳೂ ಪಟ್ಟಿಯಲ್ಲಿ ಕಾಣದೆ ಕೂತಿರುತ್ತವೆ. ಅವಕ್ಕೆ ಪ್ರತ್ಯೇಕ ನಿಯಮ ಬೇಕು.

ನಂಬಿಕೆ

ಪಕ್ಕದ ಮನೆಯವರು ರುಬ್ಬಿಟ್ಟ ಹಿಟ್ಟಿನಿಂದ ದೋಸೆ ಹುಯ್ಯುವಾಗ, ಅವರು ಹಾಕಿದ ಅಕ್ಕಿ, ಉದ್ದಿನ ಅಳತೆಯ ಜೊತೆಗೆ ನೀರನ್ನೂ ನಂಬಿರುತ್ತೇವೆ. ಕ್ಯಾಶಿನ ಕಷ್ಟವೆಲ್ಲ ಆ ನೀರಿನಲ್ಲಿದೆ: ಚೀಟಿಯಲ್ಲಿ ಬರೆಯದೆ ಫಲದೊಳಗೆ ಸೇರಿಹೋದ ವಸ್ತು. ಬೇಜಲ್ ತನಗೆ ಹೇಳಿದ ಫೈಲುಗಳ ಹ್ಯಾಶ್ ತೆಗೆಯುತ್ತದೆ. ಯಂತ್ರದಲ್ಲಿ ಮೊದಲೇ ಇರುವ ಜಿಸಿಸಿ ಕಂಪೈಲರಿನ ಒಳಗನ್ನು ತಾನಾಗಿ ನೋಡುವುದಿಲ್ಲ. ಒಬ್ಬರ ಉಬುಂಟು ಹೊಸದು, ಇನ್ನೊಬ್ಬರದು ಹಳೆಯದು, ಎರಡರಲ್ಲೂ ಕಂಪೈಲರಿನ ದಾರಿ ಒಂದೇ. ಚೀಟಿಯ ಹೆಸರೂ ಒಂದೇ ಆಗಬಹುದು. ಹೊಸ ಜಿಲಿಬ್‌ಸಿಯ ಮೇಲೆ ಹುಟ್ಟಿದ ಸಾಧನ ಹಳೆಯ ಯಂತ್ರಕ್ಕೆ ಬಂದು, ಬೇಕಾದ ಆವೃತ್ತಿ ಸಿಗಲಿಲ್ಲ ಎಂದು ಸಾಯುತ್ತದೆ. ಕಂಪೈಲರನ್ನೂ ಪ್ರಾಜೆಕ್ಟಿನ ಒಳಹರಿವಾಗಿ ಸೇರಿಸುವುದು, ಇಲ್ಲವೇ ಎಲ್ಲರೂ ಒಂದೇ ಕಂಟೇನರಿನೊಳಗೆ ಬಿಲ್ಡ್ ಮಾಡುವುದು ಇದಕ್ಕಿರುವ ಮದ್ದು.

ಉಲ್ಟಾ ಕಾಯಿಲೆಯೂ ಇದೆ: ಬದಲಾಗಬಾರದ್ದು ಬದಲಾಗಿ ಹಿಟ್ ಎಂಬುದೇ ಸಿಗದಿರುವುದು. ಸಿ ಭಾಷೆಯಲ್ಲಿ ಕಂಪೈಲ್ ಆದ ದಿನಾಂಕ ಮತ್ತು ವೇಳೆಯನ್ನು ಫಲದೊಳಗೆ ಅಚ್ಚೊತ್ತುವ ಮ್ಯಾಕ್ರೊಗಳಿವೆ. ಅಂಥ ಒಂದು ಫೈಲು ಮತ್ತೆ ಕಂಪೈಲ್ ಆದಾಗಲೆಲ್ಲ ಫಲ ಬೇರೆ, ಅದನ್ನು ನೆಚ್ಚಿದ ಮೇಲಿನವೂ ಬೇರೆ. ಬೇಜಲ್ ಸಿದ್ಧಪಡಿಸುವ ಸಿ++ ವ್ಯವಸ್ಥೆ ಈ ಮ್ಯಾಕ್ರೊಗಳ ಜಾಗದಲ್ಲಿ ‘ಕಪ್ಪು ಹಚ್ಚಲಾಗಿದೆ’ ಎಂಬರ್ಥದ ಒಂದು ಪದ ತುಂಬಿಬಿಡುತ್ತದೆ. ಮನೆ ಡೈರೆಕ್ಟರಿಯ ಪೂರ್ಣ ದಾರಿ, ಬಳಕೆದಾರರ ಹೆಸರು, ಒಬ್ಬೊಬ್ಬರ ಶೆಲ್‌ನಲ್ಲಿ ಒಂದೊಂದು ಥರ ಇರುವ ಪಾತ್ ವೇರಿಯಬಲ್, ಇವೂ ಇದೇ ಜಾತಿಯ ಕಳ್ಳರು. ಹಿಡಿಯುವ ಉಪಾಯ ಸರಳ. ಎರಡು ಯಂತ್ರಗಳಲ್ಲಿ ಒಂದೇ ಕಮಿಟ್ ಬಿಲ್ಡ್ ಮಾಡಿ, ಬೇಜಲ್ ಬರೆಯುವ ಎಕ್ಸಿಕ್ಯೂಷನ್ ಲಾಗ್‌ಗಳನ್ನು ಹೋಲಿಸುವುದು. ಮೊದಲು ಬೇರೆಯಾಗಿ ಕಂಡ ಒಳಹರಿವೇ ಅಪರಾಧಿ. ಕೆಳಗಿನವೆಲ್ಲ ಅದರ ಹಿಂಬಾಲಕರು.

ಇದುವರೆಗಿನದು ಅಜಾಗರೂಕತೆಯ ಮಾತು. ಕೇಡು ಬಯಸುವವರ ಮಾತೂ ಇದೆ. ಫೈಲಿನ ಕಪಾಟಿನಲ್ಲಿ ಮೋಸ ನಡೆಯದು, ಏಕೆಂದರೆ ವಸ್ತು ಬದಲಾದರೆ ಹ್ಯಾಶ್ ಹೊಂದುವುದಿಲ್ಲ. ಚೀಟಿಯ ಕಪಾಟು ಹಾಗಲ್ಲ. ಚೀಟಿಯ ಹೆಸರು ಒಳಹರಿವಿನದು, ಒಳಗಿನ ಬರಹ ಹೊರಬಂದದ್ದರದು. ಎರಡರ ನಡುವಿನ ನಂಟಿಗೆ ಬರೆದವರ ಮಾತೇ ಸಾಕ್ಷಿ. ಬರೆಯುವ ಅನುಮತಿ ಇರುವ ಯಾರಾದರೂ ಸರಿಯಾದ ಹೆಸರಿನ ಚೀಟಿಯಲ್ಲಿ ವಿಷದ ಫೈಲಿನ ಹ್ಯಾಶ್ ಬರೆದರೆ, ಅದು ಬಿಡುಗಡೆಯ ಬಿಲ್ಡ್‌ನೊಳಗೆ ಸದ್ದಿಲ್ಲದೆ ಸೇರುತ್ತದೆ. ಮೂಲ ಸಂಕೇತವನ್ನು ಎಷ್ಟು ಓದಿದರೂ ಸಿಗದು. ಕಂಪೈಲರಿನೊಳಗೇ ಅಡಗಬಹುದಾದ ಇಂಥ ಮೋಸವನ್ನು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಉಪನ್ಯಾಸದಲ್ಲಿ ತೋರಿಸಿದ್ದರು. ಕ್ಯಾಶ್ ಆ ಕೆಲಸವನ್ನು ಒಂದು ಪುಟ್‌ನಷ್ಟು ಸುಲಭವಾಗಿಸಿದೆ. 2025ರಲ್ಲಿ ಎನ್‌ಎಕ್ಸ್ ತಂಡ ಸಿವಿಇ-2025-36852 ಎಂದು ದಾಖಲಾದ ದೋಷವನ್ನು ಹೊರಗೆಡಹಿತು. ಅದೂ ಇದೇ ಬಗೆಯದು: ಪುಲ್ ರಿಕ್ವೆಸ್ಟ್ ಕಳಿಸಬಲ್ಲವರೊಬ್ಬರು, ಮುಖ್ಯ ಶಾಖೆಯ ಬಿಲ್ಡ್‌ಗಿಂತ ಮೊದಲೇ ಬಕೆಟ್ಟಿನಲ್ಲಿ ಆ ಹ್ಯಾಶಿನ ಜಾಗ ಹಿಡಿದು ಕೂರಬಹುದು.

ಹೀಗಾಗಿ ಬಲ್ಲವರು ಇಡುವ ಕ್ರಮ ಒಂದೇ: ಬರೆಯುವುದು ನಂಬಿಕಸ್ತ ಸಿಐ ಮಾತ್ರ, ಉಳಿದವರಿಗೆ ಓದು. ಬೇಜಲ್‌ನಲ್ಲಿ ಸ್ಥಳೀಯ ಫಲಗಳನ್ನು ಏರಿಸದಂತೆ ಒಂದು ಸೂಚನೆ ಇದೆ. ಆದರೆ ಅದು ಬಳಕೆದಾರರ ಕೈಯಲ್ಲಿರುವ ಸ್ವಿಚ್ಚು, ಅದನ್ನೇ ಕಾವಲು ಎನ್ನಲಾಗದು. ಬೇಜಲ್-ರಿಮೋಟ್‌ನಲ್ಲೇ ಪಾಸ್‌ವರ್ಡ್ ಫೈಲು ಇಟ್ಟು, ಗುರುತಿಲ್ಲದವರಿಗೆ ಓದಲು ಮಾತ್ರ ಬಿಡುವ ಆಯ್ಕೆ ಹಾಕಬೇಕು. ಹೊರಗಿನವರ ಪುಲ್ ರಿಕ್ವೆಸ್ಟ್ ಓಡಿಸುವ ಯಂತ್ರಗಳಿಗೆ ಬರೆಯುವ ಕೀಲಿ ಕೊಡಬಾರದು. ಬಕೆಟ್ಟಿನ ಕೀಲಿಯಂತೂ ಸರ್ವರಿನ ಹೊರಗೆ ಯಾರ ಬಳಿಯೂ ಇರಬಾರದು.

ದಿನನಿತ್ಯದ ನಿರ್ವಹಣೆ

ಸರ್ವರ್ ಪೂರ್ತಿ ಕೆಟ್ಟು ನಿಂತರೆ ದೊಡ್ಡ ಅನಾಹುತವಿಲ್ಲ. ಬೇಜಲ್ ಸಾಮಾನ್ಯವಾಗಿ ಎಚ್ಚರಿಕೆಯ ಒಂದು ಸಾಲು ಬರೆದು ಸ್ವಂತ ಕಂಪೈಲಿಗೆ ಇಳಿಯುತ್ತದೆ. ಅರ್ಧಂಬರ್ಧ ಉಸಿರಾಡುವ ಸರ್ವರ್ ನಿಜವಾದ ಪೀಡೆ: ಉತ್ತರ ಬಂದೀತೆಂದು ಪ್ರತಿ ಕೆಲಸವೂ ಕಾಯುತ್ತದೆ, ನಾವಾಗಿ ಬದಲಿಸದಿದ್ದರೆ ಕಾಯುವ ಮಿತಿ 60 ಸೆಕೆಂಡು. ಅದನ್ನು ಕೆಲವೇ ಸೆಕೆಂಡಿಗೆ ಇಳಿಸುವವರಿದ್ದಾರೆ. ದೊಡ್ಡ ಫೈಲು ಸಾಗಿಸುವ ತಂಡಕ್ಕೆ ಅದು ಒಗ್ಗದು. ಡಿಸ್ಕಿನಲ್ಲಿ ಲಕ್ಷಾಂತರ ಫೈಲುಗಳಿದ್ದರೆ ಮರುಪ್ರಾರಂಭದಲ್ಲಿ ಸರ್ವರ್ ಅವನ್ನೆಲ್ಲ ಎಣಿಸಿ ಪಟ್ಟಿ ಕಟ್ಟಿಕೊಳ್ಳುವವರೆಗೆ ತಡವಾಗುತ್ತದೆ. ಗರಿಷ್ಠ ಗಾತ್ರವನ್ನು ಡಿಸ್ಕಿನ ಪೂರ್ಣ ಗಾತ್ರಕ್ಕೆ ಸಮ ಹಾಕಬಾರದು, ಸ್ವಲ್ಪ ಖಾಲಿ ಬಿಡಬೇಕು.

ಗಮನಿಸಬೇಕಾದ ಅಂಕೆ ಹಿಟ್‌ಗಳ ಪ್ರಮಾಣ. ಬಿಲ್ಡ್ ಮುಗಿದಾಗ ಬೇಜಲ್ ಎಷ್ಟು ಕೆಲಸ ಕ್ಯಾಶಿನಿಂದ ಬಂತು, ಎಷ್ಟು ಇಲ್ಲೇ ಓಡಿತು ಎಂದು ಒಂದು ಸಾಲಿನಲ್ಲಿ ಹೇಳುತ್ತದೆ. ಸರ್ವರಿನ ಕಡೆಯ ಅಂಕೆಗಳನ್ನು ಪ್ರಾಮಿಥಿಯಸ್ ಎಂಬ ನಿಗಾ ಸಾಧನ ಓದಿಕೊಳ್ಳಬಹುದು. ನಿನ್ನೆಯವರೆಗೆ ತೊಂಬತ್ತರ ಆಸುಪಾಸಿನಲ್ಲಿದ್ದ ಪ್ರಮಾಣ ಇಂದು ಹತ್ತಕ್ಕೆ ಬಿದ್ದರೆ ಸರ್ವರನ್ನು ಬೈಯುವ ಮುನ್ನ ರಾತ್ರಿ ಯಾರು ಕಂಪೈಲರ್ ಏರಿಸಿದರು, ಯಾವ ಫ್ಲ್ಯಾಗ್ ಬದಲಾಯಿಸಿದರು ಎಂದು ವಿಚಾರಿಸಬೇಕು.

ಕ್ಯಾಶಿನೊಳಗೆ ಕೆಟ್ಟದ್ದು ಸೇರಿದೆ ಎಂಬ ಅನುಮಾನ ಬಂದಾಗ ಒಂದೊಂದೇ ಚೀಟಿ ಹುಡುಕಿ ಕೀಳಲು ಹೋಗುವುದು ವ್ಯರ್ಥ. ಬೇಜಲ್‌ಗೆ ಕೆಲಸದ ಗುಣಲಕ್ಷಣಗಳಲ್ಲಿ ಹೊಸದೊಂದು ಪದ ಸೇರಿಸಲು ಹೇಳಿದರೆ ಸಾಕು. ಪ್ರತಿ ಚೀಟಿಯ ಹೆಸರೂ ಬದಲಾಗುತ್ತದೆ. ಹಳೆಯ ಚೀಟಿಗಳು ಬಕೆಟ್ಟಿನಲ್ಲೇ ಇರುತ್ತವೆ, ಆದರೆ ಅವುಗಳ ಹೆಸರು ಹಿಡಿದು ಕೇಳುವವರು ಇರುವುದಿಲ್ಲ. ಆ ದಿನ ಎಲ್ಲರ ಬಿಲ್ಡೂ ಮೊದಲಿನಿಂದ ನಡೆಯುತ್ತದೆ, ಫ್ಯಾನುಗಳು ಗೊರಗುಟ್ಟುತ್ತವೆ, ಕಾಫಿಗೆ ಎರಡು ಸಲ ಹೋಗಿ ಬರಬಹುದು. ಹಳೆಯ ದಾಸ್ತಾನನ್ನು ಲೈಫ್‌ಸೈಕಲ್ ನಿಯಮ ತಿಂಗಳೊಳಗೆ ಗುಡಿಸಿಹಾಕುತ್ತದೆ.